ಮಗುಚಿದ ಮೇಲೆ ಏಳುವ ಗುಣ

ನಮ್ಮ ಭಕ್ತಿ ಸಾಹಿತ್ಯದಲ್ಲಿ ದೋಣಿಗೆ ಒಳ್ಳೆಯ ಹೆಸರಿಲ್ಲ. ಪುರಂದರದಾಸರು ದೇವರನ್ನು ಅಂಬಿಗನೆಂದು ಕರೆದು ಹಾಡಿದ ಕೀರ್ತನೆಯಲ್ಲಿ ದೇಹವೆಂಬ ಹರಿಗೋಲಿಗೆ ಒಂಬತ್ತು ತೂತು, ಹೊಳೆಯ ಸೆಳವೂ ಜೋರು. ನಂಬಿಕೆಯೆಲ್ಲ ಅಂಬಿಗನ ಮೇಲೆ. ಭಗವದ್ಗೀತೆಯ ಎರಡನೆಯ ಅಧ್ಯಾಯ ಸ್ಥಿತಪ್ರಜ್ಞನ ಲಕ್ಷಣ ಹೇಳುವಾಗ ದೋಣಿಯನ್ನು ನೆನೆಯುವುದು ಗಾಳಿ ಅದನ್ನು ಎಳೆದೊಯ್ಯುತ್ತದೆ ಎಂಬುದಕ್ಕಾಗಿ. ಮಾರ್ಕನ ಸುವಾರ್ತೆಯಲ್ಲಿ ಗಲಿಲೇಯದ ಬಿರುಗಾಳಿಗೆ ಸಿಕ್ಕ ದೋಣಿ ನೀರು ತುಂಬಿಕೊಳ್ಳುತ್ತದೆ, ಅಷ್ಟೇ. ಹಿಂಬದಿಯಲ್ಲಿ ಮಲಗಿದ್ದ ಯೇಸು ಎದ್ದು ಗಾಳಿಯನ್ನು ಗದರಿಸಿದ ಮೇಲೆಯೇ ಉಳಿಗಾಲ. ಬೇರೆ ಬೇರೆ ನಾಡಿನ ಈ ಮೂರೂ ಗ್ರಂಥಗಳು ಒಂದು ಮಾತಿನಲ್ಲಿ ಒಪ್ಪುತ್ತವೆ: ದೋಣಿ ಜಡ, ಅದಕ್ಕೆ ತನ್ನದೆಂಬ ಸತ್ವವಿಲ್ಲ, ಕಾಯುವ ಗುಣವೇನಿದ್ದರೂ ನಡೆಸುವವನದು. ಎಚ್ಚರವಿದ್ದಷ್ಟು ಹೊತ್ತು ಒಳ್ಳೆಯತನ, ಎಚ್ಚರ ತಪ್ಪಿದರೆ ನಾಶ ಎಂಬ ನೀತಿ ಈ ಚಿತ್ರದ ಒಳಗೇ ಕೂತಿದೆ. ಮನುಷ್ಯನ ಶೀಲದ ಬಗ್ಗೆ ಈ ಚಿತ್ರ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ ಎಂದು ನನಗೆ ಅನಿಸುತ್ತದೆ. ಉಳಿದರ್ಧವನ್ನು ತೋರಿಸಬಲ್ಲ ವಸ್ತುವೊಂದಿದೆ: ಇಪ್ಪತ್ತನೆಯ ಶತಮಾನದ ಉತ್ತರ ಯುರೋಪಿನಲ್ಲಿ ಕರಾವಳಿ ಪಯಣಕ್ಕೆಂದು ಕಟ್ಟಿದ ಪುಟ್ಟ ಹಾಯಿದೋಣಿ.

1979ರ ಆಗಸ್ಟ್ 11ರಂದು ಇಂಗ್ಲೆಂಡಿನ ಕೌಸ್ ಬಂದರಿನಿಂದ 303 ಹಾಯಿದೋಣಿಗಳು ಫಾಸ್ಟ್‌ನೆಟ್ ಪಂದ್ಯಕ್ಕೆ ಹೊರಟವು. ಐರ್ಲೆಂಡಿನ ದಕ್ಷಿಣಕ್ಕಿರುವ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಪ್ಲಿಮತ್‌ಗೆ ಮರಳುವ, ಸುಮಾರು 600 ನಾಟಿಕಲ್ ಮೈಲಿಯ ಹಾದಿ. 13ರ ರಾತ್ರಿ ಯಾರೂ ಎಣಿಸದಷ್ಟು ಬಲದ ಬಿರುಗಾಳಿ ಆ ಕಡಲ ಮೇಲೆ ಬಿತ್ತು. ಪಂದ್ಯದಲ್ಲಿದ್ದ 15 ಮಂದಿ ಸತ್ತರು. ಆಮೇಲೆ ನಡೆದ ವಿಚಾರಣೆಯಲ್ಲಿ ಉತ್ತರ ಕೊಟ್ಟ ದೋಣಿಗಳ ಪೈಕಿ ಸುಮಾರು ಅರ್ಧದಷ್ಟು ಆ ರಾತ್ರಿ ಕೂವೆಮರ ನೀರಿಗೆ ತಾಗುವ ಮಟ್ಟಿಗೆ ಅಡ್ಡಬಿದ್ದಿದ್ದವು. ಮೂರರಲ್ಲೊಂದು ಅದಕ್ಕೂ ಆಚೆ ಹೋಗಿತ್ತು, ಕೆಲವು ಪೂರ್ತಿ ಮಗುಚಿದ್ದವು. 24 ದೋಣಿಗಳನ್ನು ಜನ ಬಿಟ್ಟು ಹೋದರು. ಅವುಗಳಲ್ಲಿ 19 ಆಮೇಲೆ ತೇಲುತ್ತಲೇ ಸಿಕ್ಕವು. ಈ ಕೊನೆಯ ಅಂಕಿಯನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ದೋಣಿ ಮುಳುಗಿತೆಂದೇ ಬಗೆದು ಗಾಳಿ ತುಂಬಿದ ತೆಪ್ಪಗಳಿಗೆ ಇಳಿದವರಲ್ಲಿ ಹಲವರು ಸತ್ತರು. ಅವರು ಬಿಟ್ಟುಬಂದ ದೋಣಿಗಳು ಬೆಳಕು ಹರಿದಾಗಲೂ ಅಲ್ಲೇ ಇದ್ದವು. ದಣಿದು, ಚಳಿಗೆ ಮರಗಟ್ಟಿ, ಕತ್ತಲಲ್ಲಿ ತೀರ್ಮಾನ ಮಾಡಬೇಕಾಗಿದ್ದವರನ್ನು ದೂರುವ ಹಕ್ಕು ದಡದಲ್ಲಿ ಕೂತವರಿಗೆ ಇಲ್ಲ. ಆದರೆ ಒಂದು ಸಂಗತಿ ಅಲ್ಲಿ ಸ್ಪಷ್ಟವಾಗಿದೆ. ಆ ಹೊತ್ತಿನಲ್ಲಿ ಮನುಷ್ಯನ ಎಚ್ಚರ ಸೋತಿತ್ತು, ದೋಣಿಯ ಒಡಲು ಸೋತಿರಲಿಲ್ಲ.

ಅದೇ ಪಂದ್ಯದ ಅತಿ ಸಣ್ಣ ವರ್ಗದಲ್ಲಿ 58 ದೋಣಿಗಳಿದ್ದವು. ಗುರಿ ಮುಟ್ಟಿದ್ದು ಒಂದೇ: ಅಸೆಂಟ್ ಎಂಬ ಹೆಸರಿನ ಕಾಂಟೆಸ್ಸಾ 32. ಡೇವಿಡ್ ಸ್ಯಾಡ್ಲರ್ ವಿನ್ಯಾಸ ಮಾಡಿ, ಲಿಮಿಂಗ್ಟನ್‌ನ ಜೆರೆಮಿ ರಾಜರ್ಸ್ ಕಟ್ಟಿದ ಈ ಮಾದರಿಯ ಉದ್ದ 9.75 ಮೀಟರ್, ಅಗಲ 2.9 ಮೀಟರ್ ಮಾತ್ರ. ಒಟ್ಟು ತೂಕ ಸುಮಾರು 4,300 ಕಿಲೋ. ಅದರಲ್ಲಿ ಹೆಚ್ಚುಕಡಿಮೆ ಅರ್ಧ, ಎಂದರೆ 2,000 ಕಿಲೋ ಮೀರಿದ ಭಾರ, ದೋಣಿಯ ತಳದಿಂದ ನೀರಿನೊಳಕ್ಕೆ ಇಳಿದ ಕೀಲ್ ಎಂಬ ಭಾಗದಲ್ಲಿ ಕೂಡಿಸಿದ ಸೀಸ. ಇದರ ವಂಶ ಹಿಂದಕ್ಕೆ ಹೋಗುವುದು ಸ್ವೀಡನ್ನಿಗೆ. ಸಾಮಾನ್ಯ ಆದಾಯದವರೂ ಕೊಳ್ಳಬಹುದಾದ, ರಜೆಯಲ್ಲಿ ಕರಾವಳಿಯುದ್ದಕ್ಕೂ ಸಂಚರಿಸಬಹುದಾದ ದೋಣಿ ಬೇಕೆಂದು ಯುದ್ಧಕಾಲದಲ್ಲಿ ಅಲ್ಲಿ ಸ್ಪರ್ಧೆ ಏರ್ಪಟ್ಟಿತು. ಯಾವ ನಕ್ಷೆಯೂ ಪೂರ್ತಿ ಒಪ್ಪಿಗೆಯಾಗದೆ, ಒಳ್ಳೆಯವುಗಳ ಗುಣಗಳನ್ನೆಲ್ಲ ಕೂಡಿಸಿ ಟೋರ್ಡ್ ಸುಂಡೇನ್ ಹೊಸ ನಕ್ಷೆ ಬರೆದರು. 1942ರಲ್ಲಿ ನೀರಿಗಿಳಿದ ಆ ದೋಣಿಯೇ ಫೋಕ್‌ಬೋಟ್. ಏಳೂಮುಕ್ಕಾಲು ಮೀಟರಿಗೆ ತುಸು ಕಡಿಮೆ ಉದ್ದ, 2.2 ಮೀಟರ್ ಅಗಲ, ಎರಡು ಟನ್ನಿನ ಆಸುಪಾಸಿನ ತೂಕ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೀಡುಕಬ್ಬಿಣದ ಕೀಲ್. ಫೋಕ್‌ಬೋಟಿನಿಂದ 1966ರಲ್ಲಿ ಕಾಂಟೆಸ್ಸಾ 26 ಹುಟ್ಟಿತು, ಆ ಬಳಿಕ 32. ಇವು ಸುಖದ ದೋಣಿಗಳಲ್ಲ. ಫೋಕ್‌ಬೋಟಿನ ಒಳಗೆ ಎತ್ತರದ ಆಳು ನೆಟ್ಟಗೆ ನಿಲ್ಲಲಾರ. ಕಾಂಟೆಸ್ಸಾದ ಡೆಕ್ ನೀರಿಗೆ ಎಷ್ಟು ಹತ್ತಿರವೆಂದರೆ ಎದುರುಗಾಳಿಯಲ್ಲಿ ಕೂತವರು ತೊಯ್ಯುವುದು ಖಚಿತ. ಗಾಳಿ ತುಸು ಏರಿದರೂ ಇವು ವಾಲುತ್ತವೆ. ಮೊದಲ ಬಾರಿ ಹತ್ತಿದವರಿಗೆ ಇದೇನು ಭದ್ರತೆ ಎಂದು ಭಯವಾಗುವಷ್ಟು ವಾಲುತ್ತವೆ.

ಭದ್ರತೆ ಎಂದರೇನು ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ದೋಣಿ ನೆಟ್ಟಗಿರಲು ಎರಡು ದಾರಿಗಳಿವೆ. ಒಂದು, ಅಗಲ. ಅಗಲವಾದ ದೋಣಿ ಒಂದು ಬದಿಗೆ ವಾಲಿದ ಕೂಡಲೇ ಆ ಬದಿಯ ಒಡಲು ಹೆಚ್ಚು ಮುಳುಗಿ, ನೀರಿನ ಎತ್ತುಬಲ ಆ ಕಡೆಗೆ ಸರಿದು, ಮತ್ತೆ ಮೇಲಕ್ಕೆ ತಳ್ಳುತ್ತದೆ. ಇನ್ನೊಂದು, ಆಳದ ಭಾರ. ಕೀಲ್‌ನ ತೂಕ ದೋಣಿಯ ಗುರುತ್ವ ಕೇಂದ್ರವನ್ನು ಕೆಳಗೆ ಎಳೆದಿರುವುದರಿಂದ ದೋಣಿ ವಾಲಿದಷ್ಟೂ ಆ ಭಾರ ಪಕ್ಕಕ್ಕೆ ಎದ್ದು ಹಿಂದಕ್ಕೆ ಜಗ್ಗುತ್ತದೆ. ಹತ್ತು ಇಪ್ಪತ್ತು ಡಿಗ್ರಿ ವಾಲಿದಾಗ ಅಗಲದ ದೋಣಿಯೇ ಗಟ್ಟಿ. ಲೋಟದ ಚಹಾ ಚೆಲ್ಲುವುದಿಲ್ಲ. ಆದರೆ ಕೋನ ಹೆಚ್ಚುತ್ತ ಹೋದಂತೆ ಲೆಕ್ಕ ತಿರುಗುಮುರುಗಾಗುತ್ತದೆ. ಡೆಕ್ಕಿನ ಅಂಚು ಮುಳುಗಿದ ಮೇಲೆ ಅಗಲದಿಂದ ಬರುವ ಬಲ ಕುಗ್ಗುತ್ತದೆ. ಒಂದು ಹಂತದಾಚೆ ಅದೇ ಅಗಲ ದೋಣಿಯನ್ನು ತಲೆಕೆಳಗಾದ ನಿಲುವಿನತ್ತ ದೂಡುತ್ತದೆ. ಪೂರ್ತಿ ಮಗುಚಿದಾಗ ಅಗಲವಾದ ದೋಣಿ ನೆಮ್ಮದಿಯಿಂದ, ತಲೆಕೆಳಗಾಗಿಯೇ ತೇಲುತ್ತದೆ. ಆ ಭದ್ರತೆಗೆ ಮೇಲು ಕೆಳಗು ಎಂಬ ಭೇದವಿಲ್ಲ. ದೋಣಿ ಎಷ್ಟು ಡಿಗ್ರಿಯವರೆಗೆ ವಾಲಿದರೂ ತಾನಾಗಿ ಮರಳಬಲ್ಲದು ಎಂಬ ಕೋನವನ್ನು ವಿನ್ಯಾಸಕಾರರು ಲೆಕ್ಕ ಹಾಕುತ್ತಾರೆ. ಫಾಸ್ಟ್‌ನೆಟ್ ವಿಚಾರಣೆಯಲ್ಲಿ ಕಾಂಟೆಸ್ಸಾ 32ನ್ನು ಅದೇ ಕಾಲದ, ಹೆಚ್ಚುಕಡಿಮೆ ಅದೇ ಅಳತೆಯ ಪಂದ್ಯದ ದೋಣಿಯೊಂದರ ಜತೆ ಇಟ್ಟು ನೋಡಿದರು. ಪಂದ್ಯದ ದೋಣಿಯ ಮರಳುವ ಶಕ್ತಿ 120 ಡಿಗ್ರಿಗೆ ಮೊದಲೇ ಮುಗಿಯುತ್ತಿತ್ತು. ಕಾಂಟೆಸ್ಸಾದ್ದು 150 ದಾಟಿಯೂ ಉಳಿದಿತ್ತು.

ಇದು ಹಡಗುಕಟ್ಟೆಯ ಲೆಕ್ಕ ಮಾತ್ರವಾಗಿದ್ದರೆ ತತ್ವಚಿಂತನೆಗೆ ಇಲ್ಲಿ ಕೆಲಸವಿರಲಿಲ್ಲ. ಆ ಪಂದ್ಯದ ದೋಣಿಗಳು ಹಾಗೇಕೆ ಆದವು ಎಂಬುದನ್ನು ನೋಡಿದರೆ ನೀತಿಯ ಪ್ರಶ್ನೆ ಎದುರಾಗುತ್ತದೆ. 1970ರ ದಶಕದಲ್ಲಿ ಕಡಲ ಪಂದ್ಯಗಳಿಗೆ ಐಒಆರ್ ಎಂಬ ಅಂತರರಾಷ್ಟ್ರೀಯ ಅಳತೆಯ ನಿಯಮ ಜಾರಿಯಲ್ಲಿತ್ತು. ಬೇರೆ ಬೇರೆ ಗಾತ್ರದ ದೋಣಿಗಳನ್ನು ಒಂದೇ ಪಂದ್ಯದಲ್ಲಿ ಓಡಿಸಲು ಪ್ರತಿಯೊಂದಕ್ಕೂ ಅಳತೆಯ ಪ್ರಕಾರ ರಿಯಾಯಿತಿ ಕೊಡುವ ವ್ಯವಸ್ಥೆ ಅದು. ಅದರಲ್ಲಿ ದೋಣಿಯ ಗಟ್ಟಿತನವನ್ನು ಅಳೆಯುತ್ತಿದ್ದದ್ದು ಬಂದರಿನ ಶಾಂತ ನೀರಿನಲ್ಲಿ, ಕೂವೆಮರವನ್ನು ತುಸುವೇ ವಾಲಿಸಿ. ಕೆಳಗೆ ಭಾರವಿಟ್ಟು ಹೆಚ್ಚು ಗಟ್ಟಿಯಾದ ದೋಣಿಗೆ ನಿಯಮ ರಿಯಾಯಿತಿ ಕಡಿಮೆ ಮಾಡುತ್ತಿತ್ತು. ಹಾಗಾಗಿ ಗೆಲ್ಲಬೇಕೆಂದವರು ಭಾರವನ್ನು ಮೇಲಕ್ಕೆತ್ತಿದರು, ಒಡಲನ್ನು ಹಗುರ ಮಾಡಿದರು, ಅಗಲ ಹೆಚ್ಚಿಸಿದರು. ಯಾರೂ ಕೆಟ್ಟವರಲ್ಲ, ಅಳತೆ ಯಾವುದನ್ನು ಮೆಚ್ಚುತ್ತದೋ ಅದನ್ನು ಕೊಟ್ಟರು. ಹಾಯಿದೋಣಿಗಳ ವಿಜ್ಞಾನದಲ್ಲಿ ದೊಡ್ಡ ಹೆಸರಾದ ಪೋಲೆಂಡ್ ಮೂಲದ ಸಿ. ಎ. ಮಾರ್ಚಾಯ್ ಆಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದು, ಕಡಲಿಗೆ ತಕ್ಕ ಗುಣವೆಂಬುದು ವಿನ್ಯಾಸದಲ್ಲಿ ಮರೆತೇಹೋದ ಅಂಶವಾಗಿದೆ ಎಂದು ವಾದಿಸಿದರು. ಸಮಾಜ ಮನುಷ್ಯರ ಶೀಲವನ್ನು ಅಳೆಯುವ ರೀತಿಯೂ ಬಹುಮಟ್ಟಿಗೆ ಹೀಗೆಯೇ ಇದೆ. ನಾವು ಜನರನ್ನು ನೋಡುವುದು ಬಂದರಿನಲ್ಲಿ. ಸಭೆಯಲ್ಲಿ ಅಲುಗದೆ ಕೂತವನು, ಎಂದೂ ದನಿ ಎತ್ತದವನು, ಒಂದು ದಿನವೂ ವ್ರತ ಮುರಿಯದವನು ಸ್ಥಿರಚಿತ್ತನೆಂದು ಹೆಸರು ಪಡೆಯುತ್ತಾನೆ. ಬೇಗ ಕಲಕಿ, ಬೇಗ ಅತ್ತು, ಮತ್ತೆ ತನ್ನ ನೆಲೆಗೆ ಬರುವವನು ದುರ್ಬಲನೆನಿಸಿಕೊಳ್ಳುತ್ತಾನೆ. ಇಬ್ಬರಲ್ಲಿ ಯಾರಿಗೆ ಎಷ್ಟು ಆಳದ ಭಾರವಿದೆ ಎಂಬುದು ಆ ಅಳತೆಗೆ ಸಿಗುವುದಿಲ್ಲ.

ನನ್ನ ವಾದ ಇದು: ಶೀಲವೆಂದು ಕರೆಯಲು ಯೋಗ್ಯವಾದದ್ದು ವಾಲದೆ ನಿಲ್ಲುವ ಶಕ್ತಿಯಲ್ಲಿ ಇಲ್ಲ, ಇಚ್ಛೆಯೂ ಎಚ್ಚರವೂ ಕೈಬಿಟ್ಟ ಮೇಲೆ ಮರಳಿ ತರುವ ಭಾರದಲ್ಲಿದೆ, ಮತ್ತು ಆ ಭಾರವನ್ನು ಬಿರುಗಾಳಿಯ ಹೊತ್ತಿನಲ್ಲಿ ಸಂಪಾದಿಸಲು ಬರುವುದಿಲ್ಲ. ಮಗುಚುತ್ತಿರುವ ದೋಣಿಯಲ್ಲಿ ಯಾರೂ ಏನೂ ಮಾಡಲಾರರು. ಕ್ಯಾಬಿನ್ನಿನಲ್ಲಿದ್ದವರು ಚಾವಣಿಯ ಮೇಲೆ ಬೀಳುತ್ತಾರೆ, ಚುಕ್ಕಾಣಿ ಹಿಡಿದವನು ನೀರಿನೊಳಗಿರುತ್ತಾನೆ. ಆ ಕ್ಷಣಗಳಲ್ಲಿ ಧೈರ್ಯ, ಜಾಣ್ಮೆ, ಪ್ರಾರ್ಥನೆ ಯಾವುದೂ ದೋಣಿಯನ್ನು ಒಂದು ಡಿಗ್ರಿಯೂ ತಿರುಗಿಸುವುದಿಲ್ಲ. ವರ್ಷಗಳ ಹಿಂದೆ ಯಾರೋ ನಕ್ಷೆಯಲ್ಲಿ ಗುರುತಿಸಿ ಎರಕ ಹೊಯ್ಯಿಸಿದ ಸೀಸ ತಿರುಗಿಸುತ್ತದೆ. ಗೀತೆಯ ಸ್ಥಿತಪ್ರಜ್ಞನನ್ನು ನಾವು ಸಾಮಾನ್ಯವಾಗಿ ಅಗಲದ ದೋಣಿಯಂತೆ ಕಲ್ಪಿಸಿಕೊಳ್ಳುತ್ತೇವೆ, ದುಃಖ ಮುಟ್ಟಿದರೂ ಅಲ್ಲಾಡದವನೆಂದು. ಆದರೆ ಅದೇ ಅಧ್ಯಾಯ, ಪ್ರಯತ್ನಪಡುವ ವಿವೇಕಿಯ ಮನಸ್ಸನ್ನೂ ಇಂದ್ರಿಯಗಳು ಬಲವಂತವಾಗಿ ಸೆಳೆಯುತ್ತವೆ ಎಂದು ಒಪ್ಪಿಕೊಳ್ಳುತ್ತದೆ. ಅರ್ಜುನ ಅಲ್ಲಿ ಬಿಲ್ಲು ಬಿಟ್ಟು ಕುಸಿದು ಕೂತವನು. ಬೋಧನೆ ನಡೆಯುವುದೇ ಮಗುಚಿದವನ ಎದುರಿಗೆ. ಸ್ಥಿತಿಯೆಂದರೆ ಅಲುಗದಿರುವುದು ಎಂದು ಓದಿದರೆ ಆ ಅಧ್ಯಾಯಕ್ಕೆ ಕೇಳುಗನೇ ಇರುವುದಿಲ್ಲ. ಮರಳುವ ದಿಕ್ಕು ಖಚಿತವಾಗಿರುವುದು ಎಂದು ಓದಿದರೆ ಅದು ಅರ್ಜುನನಿಗೂ ನಮಗೂ ಎಟುಕುತ್ತದೆ.

ಒಂದು ದೋಣಿ ಗುರಿ ಮುಟ್ಟಿದ್ದರಿಂದ ಇಷ್ಟೆಲ್ಲ ಸಿದ್ಧವಾಗುವುದೇ ಎಂಬುದು ಮೊದಲ ಆಕ್ಷೇಪ, ಮತ್ತು ನ್ಯಾಯವಾದ ಆಕ್ಷೇಪ. ಅಸೆಂಟ್‌ನಲ್ಲಿದ್ದವರು ನುರಿತವರು; ಅದೃಷ್ಟವೂ ಜತೆಗಿದ್ದಿರಬಹುದು. ಅಲೆ ಒಡೆಯುವ ಜಾಗದಲ್ಲಿ ಒಂದು ನಿಮಿಷ ಮೊದಲೋ ಆಮೇಲೋ ಇದ್ದರೆ ಎಲ್ಲವೂ ಬದಲಾಗುತ್ತದೆ. ಹಾಗಾಗಿ ನಾನು ಅಸೆಂಟ್‌ನ ಗೆಲುವಿನ ಮೇಲೆ ಭಾರ ಹಾಕುವುದಿಲ್ಲ. ಹೆಚ್ಚು ಗಟ್ಟಿಯಾದ ಸಾಕ್ಷ್ಯ ಆಮೇಲೆ ಸೌತಾಂಪ್ಟನ್ನಿನಲ್ಲಿ ಸಣ್ಣ ಮಾದರಿಗಳನ್ನಿಟ್ಟು ನಡೆಸಿದ ಪರೀಕ್ಷೆಗಳಲ್ಲಿದೆ. ದೋಣಿಯ ಉದ್ದದ 30 ಶೇಕಡದಷ್ಟು ಎತ್ತರದ ಅಲೆ ಪಕ್ಕದಿಂದ ಒಡೆದರೆ ಕೆಲವು ದೋಣಿಗಳು ಮಗುಚುತ್ತವೆ, 60 ಶೇಕಡವಾದರೆ ಯಾವ ಆಕಾರದ್ದೂ ಉಳಿಯುವುದಿಲ್ಲ ಎಂದು ಅಲ್ಲಿ ಕಂಡುಬಂತು. ಎಂದರೆ ಮಗುಚದ ದೋಣಿಯನ್ನು ಕಟ್ಟಲು ಸಾಧ್ಯವಿಲ್ಲ. ಮಗುಚಿದ ಮೇಲೆ ಯಾವುದು ಏಳುತ್ತದೆ, ಯಾವುದು ಹಾಗೆಯೇ ಉಳಿಯುತ್ತದೆ ಎಂಬುದರಲ್ಲಿ ಮಾತ್ರ ಆಕಾರಕ್ಕೂ ಭಾರಕ್ಕೂ ನಿರ್ಣಾಯಕ ಮಾತಿದೆ. ನೈತಿಕ ಜೀವನಕ್ಕೆ ಇದಕ್ಕಿಂತ ಹತ್ತಿರದ ವರದಿ ಇನ್ನೊಂದಿರಲಾರದು. ಪುತ್ರಶೋಕದ, ಅವಮಾನದ, ಹಸಿವಿನ ಅಲೆಗಳು ಒಂದು ಎತ್ತರ ದಾಟಿದರೆ ಯಾವ ಸಾಧಕನೂ ನೆಟ್ಟಗೆ ನಿಲ್ಲಲಾರ. ನಿಲ್ಲಬೇಕಿತ್ತು ಎಂದು ಅವನ ಮೇಲೆ ತೀರ್ಪು ಕೊಡುವ ಧರ್ಮ ಕಡಲನ್ನು ಕಂಡದ್ದಲ್ಲ.

ಬಿರುಗಾಳಿಗೆ ಸಿಗದಿರುವುದೇ ಜಾಣತನ, ಎದ್ದು ನಿಲ್ಲುವ ಗುಣಕ್ಕಿಂತ ಮುನ್ನೆಚ್ಚರಿಕೆ ದೊಡ್ಡದು ಎಂಬುದು ಎರಡನೆಯ ಆಕ್ಷೇಪ. ಇವತ್ತು ಉಪಗ್ರಹದ ಹವಾಮಾನ ವರದಿ ಅಂಗೈಯಲ್ಲಿದೆ. ಹಗುರವಾದ, ವೇಗದ ದೋಣಿ ಗಾಳಿ ಬರುವ ಮೊದಲೇ ಬಂದರು ಸೇರಬಲ್ಲದು. ಕರಾವಳಿ ಪಯಣದಲ್ಲಿ ಇದು ಬಹುಪಾಲು ನಿಜ. ಇನ್ನು ಎರಡು ಒಡಲಿನ ಕಾಟಮರಾನ್ ಇದೆ. ಮಗುಚಿದರೆ ಅದು ಮೇಲೇಳುವುದಿಲ್ಲ, ಆದರೂ ಸಾಮಾನ್ಯವಾಗಿ ಮುಳುಗದೆ ತೇಲುತ್ತದೆ, ಅದೂ ಒಂದು ಬಗೆಯ ರಕ್ಷಣೆಯೇ. ಇವನ್ನು ನಿರಾಕರಿಸುವ ಅಗತ್ಯ ನನ್ನ ವಾದಕ್ಕಿಲ್ಲ. ಮುನ್ನೆಚ್ಚರಿಕೆ ಎಚ್ಚರದ ಗುಣ, ಅದು ಎಚ್ಚರ ಇರುವವರೆಗೆ ಇರುತ್ತದೆ. ಕೀಲ್‌ನ ಸೀಸಕ್ಕೆ ವರದಿ ತಪ್ಪಿದರೂ, ಚುಕ್ಕಾಣಿ ಹಿಡಿದವನು ನಿದ್ದೆಹೋದರೂ ವ್ಯತ್ಯಾಸವಿಲ್ಲ. ಮುಂಬೈಯಲ್ಲಿ ತೇಗದ ಹಲಗೆಗಳಿಂದ ಕಟ್ಟಿದ ಸುಹೈಲಿ ಎಂಬ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್ಸ್‌ಟನ್ 1968–69ರಲ್ಲಿ 312 ದಿನ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಿದರು. ನಾರ್ವೆಯ ಕಾಲಿನ್ ಆರ್ಚರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ರಕ್ಷಣಾ ದೋಣಿಗಳ ವಂಶದ್ದು ಸುಹೈಲಿ. ಭಾರಿ, ನಿಧಾನ, ಉದ್ದ ಕೀಲ್‌ನದು. ದಾರಿಯಲ್ಲಿ ಗಾಳಿಗೆ ತಕ್ಕಂತೆ ದೋಣಿ ನಡೆಸುವ ಯಂತ್ರ ಕೆಟ್ಟುಹೋಯಿತು. ಆಮೇಲೂ, ಹಾಯಿಗಳನ್ನು ಹದಕ್ಕೆ ಕಟ್ಟಿಟ್ಟರೆ ದೋಣಿ ತನ್ನ ದಿಕ್ಕನ್ನು ಬಹುಮಟ್ಟಿಗೆ ತಾನೇ ಹಿಡಿಯುತ್ತಿತ್ತು, ಅವರು ಮಲಗುತ್ತಿದ್ದರು. ಯಾವ ಮನುಷ್ಯನೂ 312 ದಿನ ಎಚ್ಚರವಿರಲಾರ. ಎಚ್ಚರವನ್ನೇ ಪೂರ್ತಿ ನಂಬಿದ ನೀತಿ ಮೂರನೆಯ ರಾತ್ರಿಗೇ ಸೋಲುತ್ತದೆ.

ಮೂರನೆಯ ಆಕ್ಷೇಪ ದಾರ್ಶನಿಕರದು, ಎಲ್ಲಕ್ಕಿಂತ ಕಠಿಣವಾದದ್ದೂ ಅದೇ. ದೋಣಿಗೆ ಇಚ್ಛೆಯಿಲ್ಲ, ಸೀಸ ಕೆಳಕ್ಕೆ ಜಗ್ಗುವುದರಲ್ಲಿ ಪುಣ್ಯವೇನಿದೆ? ಜರ್ಮನಿಯ ಕಾಂಟ್‌ನ ದೃಷ್ಟಿಯಲ್ಲಿ ಒಳ್ಳೆಯದೆಂದು ಯಾವ ಷರತ್ತೂ ಇಲ್ಲದೆ ಹೇಳಬಹುದಾದದ್ದು ಸತ್ ಸಂಕಲ್ಪ ಒಂದೇ. ತಾನಾಗಿ ನಡೆಯುವ ಒಳ್ಳೆಯತನ ಸ್ವಭಾವ, ಧರ್ಮವಲ್ಲ. ಈ ಮಾತಿನಲ್ಲಿ ತೂಕವಿದೆ, ದೋಣಿಯನ್ನು ಸಜ್ಜನನೆಂದು ಕರೆಯಲು ನಾನೂ ಒಪ್ಪುವುದಿಲ್ಲ. ಆದರೆ ಸಂಕಲ್ಪ ಅಲ್ಲಿ ಇಲ್ಲವೇ ಇಲ್ಲ ಎಂಬುದು ಸರಿಯಲ್ಲ; ಅದು ನಾವು ಹುಡುಕುವ ಗಳಿಗೆಯಲ್ಲಿ ಇಲ್ಲ, ಅಷ್ಟೇ. ಅರ್ಧ ತೂಕವನ್ನು ನೀರಿನ ಕೆಳಗೆ ಹೂಳುವುದು ಉಚಿತವಲ್ಲ. ಪಂದ್ಯದ ವೇಗ ಬಿಡಬೇಕು, ಒಳಗಿನ ವಿಶಾಲ ಕೋಣೆಯನ್ನು ಬಿಡಬೇಕು, ಪ್ರದರ್ಶನದಲ್ಲಿ ಕೊಳ್ಳುವವರ ಕಣ್ಣಿಗೆ ಇಕ್ಕಟ್ಟಾಗಿ ಕಾಣಬೇಕು. ಬಹುತೇಕ ದೋಣಿಗಳಿಗೆ ಆ ಭಾರದ ಪೂರ್ತಿ ಅಗತ್ಯ ಬೀಳುವ ದಿನ ಬರುವುದೇ ಇಲ್ಲ. ಬರಬಹುದಾದ ಒಂದು ರಾತ್ರಿಗಾಗಿ, ತಾನು ಎಂದೂ ಕಾಣದ ಯಾರಿಗಾಗಿಯೋ, ದಿನದಿನದ ಸುಖವನ್ನು ಬಿಟ್ಟುಕೊಡುವ ತೀರ್ಮಾನ ಹಡಗುಕಟ್ಟೆಯ ಶಾಂತಿಯಲ್ಲಿ, ಪೂರ್ಣ ಸ್ವಾತಂತ್ರ್ಯದಲ್ಲಿ ಆಗುತ್ತದೆ. ನಮ್ಮ ಪರಂಪರೆ ಸಂಸ್ಕಾರವೆಂದು ಕರೆದದ್ದು ಇದಕ್ಕೆ ಹತ್ತಿರದ್ದು: ಇಚ್ಛಾಪೂರ್ವಕವಾಗಿ ಮಾಡಿದ ಕರ್ಮ ಅಭ್ಯಾಸವಾಗಿ ತಳಕ್ಕಿಳಿದು, ಆಮೇಲೆ ಇಚ್ಛೆಯನ್ನು ಕೇಳದೆಯೇ ಕೆಲಸ ಮಾಡುವುದು. ಸಿಟ್ಟಿನಲ್ಲಿ ಕೈ ಎತ್ತಿ, ಹೊಡೆಯದೆ ಇಳಿಸಿದವನನ್ನು ಕೇಳಿದರೆ ಆ ಗಳಿಗೆಯಲ್ಲಿ ಏನನ್ನೂ ಯೋಚಿಸಲಿಲ್ಲ ಎನ್ನುತ್ತಾನೆ. ನಿಜವೇ ಹೇಳುತ್ತಾನೆ. ಯೋಚನೆ ಎಷ್ಟೋ ವರ್ಷ ಮೊದಲು ಮುಗಿದಿತ್ತು. ಕಾಂಟ್ ಮೆಚ್ಚಿದ ಸಂಕಲ್ಪಕ್ಕೆ ಅದರಿಂದ ಗೌರವ ಕಡಿಮೆಯಾಗುವುದಿಲ್ಲ. ಅದು ಕೆಲಸ ಮಾಡಬೇಕಾದ ಜಾಗ ಬಿರುಗಾಳಿಯಿಂದ ಕಟ್ಟೆಗೆ ಬದಲಾಗುತ್ತದೆ.

ಉಳಿದದ್ದು ಭಕ್ತರ ಆಕ್ಷೇಪ. ಕೀಲ್‌ನ ಮೇಲೆ ಇಟ್ಟ ನಂಬಿಕೆಯೆಲ್ಲ ಅಂಬಿಗನ ಮೇಲಿನ ನಂಬಿಕೆಯಿಂದ ಕಳೆದದ್ದಲ್ಲವೇ? ಶ್ರೀವೈಷ್ಣವರು ಇದೇ ಪ್ರಶ್ನೆಯ ಮೇಲೆ ಎರಡು ಕವಲಾದರು. ತಾಯಿಯ ಹೊಟ್ಟೆಯನ್ನು ಮರಿ ತಾನೇ ಅವುಚಿ ಹಿಡಿಯಬೇಕೆನ್ನುವುದು ವಡಗಲೆಯ ಮರ್ಕಟನ್ಯಾಯ. ತಾಯಿಯೇ ಕಚ್ಚಿ ಒಯ್ಯುತ್ತಾಳೆ, ಮರಿ ಸುಮ್ಮನಿದ್ದರೆ ಸಾಕೆನ್ನುವುದು ತೆಂಗಲೆಯ ಮಾರ್ಜಾಲನ್ಯಾಯ. 1979ರ ಕಡಲು ಎರಡಕ್ಕೂ ಪೂರ್ತಿ ಒಪ್ಪಿಗೆ ಕೊಡುವುದಿಲ್ಲ. ಮೈಗೆ ಬಿಗಿದ ಪಟ್ಟಿಯಿಂದ ದೋಣಿಗೆ ಕಟ್ಟಿಕೊಂಡಿದ್ದವರಲ್ಲಿ ಕೆಲವರ ಹಗ್ಗ ಕೊಂಡಿಗಳೇ ಕಿತ್ತುಬಂದವು; ಹಿಡಿತಕ್ಕೆ ಮಿತಿಯಿದೆ. ದೋಣಿ ಎದ್ದುನಿಂತರೂ ಒಳಗಿದ್ದವನು ಉಳಿಯುತ್ತಾನೆಂಬ ಖಾತ್ರಿಯೂ ಇಲ್ಲ. 2018ರಲ್ಲಿ ಭಾರತದ ನೌಕಾಧಿಕಾರಿ ಅಭಿಲಾಷ್ ಟೋಮಿ, ಸುಹೈಲಿಯ ಮಾದರಿಯಲ್ಲೇ ಗೋವಾದಲ್ಲಿ ಕಟ್ಟಿದ ತುರಿಯಾದಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕರು. ದೋಣಿ ಮಗುಚಿ ಎದ್ದಿತು, ಕೂವೆಮರ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಗಿ ಏಳಲಾಗದೆ ಮಲಗಿದರು. ಫ್ರಾನ್ಸಿನ ಒಂದು ಹಡಗು ಬಂದು ಎತ್ತಿಕೊಂಡಿತು. ಕೀಲ್ ಅವರಿಗೆ ಕೊಟ್ಟದ್ದು ಕಾಯಲು ಬೇಕಾದ ದಿನಗಳನ್ನು. ಬಿಡುಗಡೆ ಹೊರಗಿನಿಂದಲೇ ಬಂತು.

ಇಲ್ಲಿಯೇ ಪುರುಷಪ್ರಯತ್ನಕ್ಕೂ ಕೃಪೆಗೂ ನಡುವಿನ ಗೆರೆಯನ್ನು ದೋಣಿಯ ಲೆಕ್ಕ ಸ್ವಲ್ಪ ಸ್ಪಷ್ಟವಾಗಿ ತೋರಿಸುತ್ತದೆ. 150 ಡಿಗ್ರಿ ದಾಟಿ ಇನ್ನೂ ತುಸು ವಾಲಿದ ಮೇಲೆ ಕಾಂಟೆಸ್ಸಾಕ್ಕೂ ತನ್ನದೆಂಬ ಶಕ್ತಿ ಮುಗಿಯುತ್ತದೆ. ಪೂರ್ತಿ ತಲೆಕೆಳಗಾದಾಗ ಅದನ್ನೂ ಎಬ್ಬಿಸಲು ಹೊರಗಿನ ಅಲೆಯೊಂದು ಬರಬೇಕು. ಆದರೆ ಕಿರಿದಾದ ಒಡಲು, ಆಳದ ಭಾರ, ಉಬ್ಬಿದ ಕ್ಯಾಬಿನ್ ಮಾಡು ಇರುವ ದೋಣಿ ಆ ನಿಲುವಿನಲ್ಲಿ ಹಾಯಾಗಿ ನಿಲ್ಲಲಾರದು. ಯಾವ ಅಲೆ ಬಂದರೂ, ಸಣ್ಣದಾದರೂ, ಕೆಲವು ಡಿಗ್ರಿ ತಿರುಗಿಸಿದರೆ ಉಳಿದದ್ದನ್ನು ಸೀಸ ನೋಡಿಕೊಳ್ಳುತ್ತದೆ. ಅಗಲದ ದೋಣಿಗೆ ಅಷ್ಟು ಸಾಲದು. ಅದನ್ನು ಮಗುಚಿದ ಅಲೆಯಷ್ಟೇ ದೊಡ್ಡ ಅಲೆ ಮತ್ತೊಮ್ಮೆ ಬರಬೇಕಾಗಬಹುದು, ಅಲ್ಲಿಯವರೆಗೆ ಒಳಗಿನವರು ಕತ್ತಲಲ್ಲಿ ನೀರು ಏರುವುದನ್ನು ನೋಡುತ್ತಿರಬೇಕು. ಅಲೆಯನ್ನು ಕಳುಹಿಸುವುದು ಯಾರ ಕೈಯಲ್ಲೂ ಇಲ್ಲ. ಎಷ್ಟು ದೊಡ್ಡ ಅಲೆ ಬೇಕಾಗುತ್ತದೆ ಎಂಬುದನ್ನು ಮಾತ್ರ ಕಟ್ಟುವವರು ಮೊದಲೇ ನಿರ್ಧರಿಸಿರುತ್ತಾರೆ.